ಬಟ್ಟೆಯಮ್ಮ ಎಣಿಸಿದ ತಂಡ

ಮಗುವಿನ ಮೈ ಸ್ವಲ್ಪ ಬೆಚ್ಚಗಾದರೂ ಮೂರು ಸಲ ಥರ್ಮಾಮೀಟರ್ ಇಟ್ಟು ನೋಡುವವಳು ನಾನು. ಮೂರು ಮಹಡಿ ಇಳಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತಿ ಬರುವವಳು. ಹೀಗಾಗಿ ಆ ವಾರ ನನಗೆ ಊಟ ಸೇರುತ್ತಿಲ್ಲ ಎಂದಾಗ ಗಂಡ ತಲೆ ಕೂಡ ಎತ್ತಲಿಲ್ಲ. "ಈ ಸಲ ಏನು, ಗ್ಯಾಸೋ ನಲ್ಲಿಯೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಲಸಕ್ಕೆ ಹೊರಟುಹೋದ.

ಗ್ಯಾಸೂ ಅಲ್ಲ, ನಲ್ಲಿಯೂ ಅಲ್ಲ. ಎರಡು ಅಂಗಿ. ಹದಿನೇಳನೇ ನಂಬರಿನ ಆಟಗಾರನ ಅಂಗಿಯನ್ನು ಇಪ್ಪತ್ಮೂರನೇ ನಂಬರಿನವನ ಚೀಲಕ್ಕೂ, ಅವನದನ್ನು ಇವನ ಚೀಲಕ್ಕೂ ನಾನೇ ಹಾಕಿಬಿಟ್ಟಿರಬಹುದು ಎಂಬ ಅನುಮಾನ. ಅದು ನಿಜವಾದರೆ ನಮ್ಮತ್ತೆ ಕೋಚಿಗೆ ಹೇಳಿದ ಮಾತು ತಪ್ಪು. ಆ ಮಾತು ನಂಬಿ ಶನಿವಾರ ಅವರು ಇಳಿಸಲಿರುವ ತಂಡವೂ ತಪ್ಪು. ಮಹಡಿ ಹತ್ತಿ ಬಂದು ನೋಡಿ ಖಾತ್ರಿ ಮಾಡಿಕೊಳ್ಳಬಹುದಾದ ವಿಷಯವಲ್ಲ ಇದು.

ಅಂಗಿಗೂ ತಂಡಕ್ಕೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಮೊದಲು ಅತ್ತೆಯ ಬಗ್ಗೆ ಹೇಳಬೇಕು. ಈಗ ಅದನ್ನು ಹೇಳುವುದೆಂದರೆ ನನಗೆ ಇಷ್ಟ. ಮದುವೆಯಾದ ಹೊಸದರಲ್ಲಿ ಇಷ್ಟವಿರಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಅತ್ತೆ ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬಟ್ಟೆ ಒಗೆಯುತ್ತಾರೆ. "ನಮ್ಮಮ್ಮ ಕ್ಲಬ್ಬಲ್ಲಿದಾರೆ" ಎಂದಷ್ಟೇ ಗಂಡ ನನಗೆ ಹೇಳಿದ್ದ. ನಗರದ ಶಾಲೆಯಲ್ಲಿ ಓದಿದ ನನ್ನ ತಲೆಯಲ್ಲಿ ಮೇಜು, ಕುರ್ಚಿ, ಕಡತದ ಚಿತ್ರ ಬಂತು. ಗೆಳತಿಯರಿಗೂ ಹಾಗೇ ಹೇಳಿಕೊಂಡು ಬಂದೆ, ಅತ್ತೆ ಕ್ಲಬ್ಬಿನ ಆಡಳಿತದಲ್ಲಿದ್ದಾರೆ ಎಂದು. ನಿಜ ಗೊತ್ತಾದ ಮೇಲೂ ಒಂದು ವರ್ಷ ಆ ಸುಳ್ಳನ್ನು ತಿದ್ದಲಿಲ್ಲ.

ಅವರ ಕೋಣೆ ಪ್ರೇಕ್ಷಕರ ಗ್ಯಾಲರಿಯ ಕೆಳಗಿದೆ. ಮೇಲೆ ಜನ ಕೂರುವ ಮೆಟ್ಟಿಲುಗಳೇ ಒಳಗಡೆ ಇಳಿಜಾರಿನ ಚಾವಣಿ. ಒಂದು ಗೋಡೆಯ ಬಳಿ ನೆಟ್ಟಗೆ ನಿಲ್ಲಬಹುದು, ಇನ್ನೊಂದರ ಬಳಿ ಬಗ್ಗಿಯೇ ಇರಬೇಕು. ಎರಡು ದೊಡ್ಡ ವಾಷಿಂಗ್ ಮೆಷಿನ್. ಅದರಲ್ಲಿ ಹಳೆಯದರ ಬಾಗಿಲು ಮೊಣಕಾಲಿನಿಂದ ಒತ್ತದೆ ಮುಚ್ಚುವುದಿಲ್ಲ. ಕಲ್ಲಿನ ತೊಟ್ಟಿ, ಉದ್ದನೆಯ ಮೇಜು, ಗೋಡೆ ತುಂಬ ನಂಬರ್ ಬರೆದ ಗೂಡುಗಳು. ಹಿಂದಿನ ಅಂಗಳದಲ್ಲಿ ಒಣಗಿಸಲು ಸಾಲಾಗಿ ತಂತಿ. ಆಟಗಾರರಲ್ಲಿ ಹೆಚ್ಚಿನವರಿಗೆ ಬೇರೆ ಬೇರೆ ಕೆಲಸಗಳಿವೆ. ಕೆಲಸ ಮುಗಿಸಿ ಬಂದು ಅಭ್ಯಾಸ ಮಾಡಿ, ಬೆವರಿದ್ದನ್ನೆಲ್ಲ ಒಂದೊಂದು ಬಲೆ ಚೀಲದಲ್ಲಿ ತುಂಬಿ ಇವರ ಬಾಗಿಲಲ್ಲಿ ಬಿಸಾಡಿ ಹೋಗುತ್ತಾರೆ. ಎಲ್ಲರಿಗೂ ಅವರು ಬಟ್ಟೆಯಮ್ಮ. ಹಿಂದಿನ ನಾಲ್ಕು ಕೋಚ್‌ಗಳಿಗೂ ಬಟ್ಟೆಯಮ್ಮನೇ, ಕ್ಲಬ್ಬಿನ ಅಧ್ಯಕ್ಷರಿಗೂ ಬಟ್ಟೆಯಮ್ಮನೇ.

ಎರಡು ದಶಕದಲ್ಲಿ ಅತ್ತೆ ಪೂರ್ತಿ ಕೂತು ನೋಡಿದ ಪಂದ್ಯ ಹತ್ತೂ ಇರಲಿಕ್ಕಿಲ್ಲ. ಆಟ ನಡೆಯುವಾಗ ಅವರು ವಿರಾಮಕ್ಕೆ ಬೇಕಾಗುವ ಒಣ ಅಂಗಿ, ಟವೆಲ್ ಜೋಡಿಸುತ್ತಿರುತ್ತಾರೆ. ಗೋಲಾಯಿತೋ ತಪ್ಪಿತೋ ಎಂಬುದು ತಲೆಯ ಮೇಲಿನ ಮೆಟ್ಟಿಲ ಸದ್ದಿನಿಂದಲೇ ಗೊತ್ತಾಗುತ್ತದೆ. ಆಟ ಹೇಗಿತ್ತು ಎಂಬುದು ಮಾತ್ರ ಸೋಮವಾರ, ರಾಶಿ ಬಿಚ್ಚಿದಾಗ ತಿಳಿಯುತ್ತದೆ.

ಅವರು ಬಟ್ಟೆ ಓದುವುದನ್ನು ನಾನು ಮೊದಲು ಕಂಡದ್ದು ಬಸುರಿಯಾಗಿದ್ದಾಗ. ಸುಮ್ಮನೆ ಕೂರಲಾಗದೆ ಅಲ್ಲಿಗೆ ಹೋಗಿದ್ದೆ. ಒಂದು ಚಡ್ಡಿ ಎತ್ತಿ ತೋರಿಸಿದರು. ಎಡ ಸೊಂಟದ ಕಡೆ ಮಾತ್ರ ಹುಲ್ಲಿನ ಕಲೆ, ಬಲಕ್ಕೆ ಒಂದು ಚುಕ್ಕೆಯಿಲ್ಲ. "ಇದು ಒಂಬತ್ತು. ಯಾವಾಗ್ಲೂ ಒಂದೇ ಕಡೆ ಬೀಳ್ತಾನೆ. ಎದುರಾಳಿಗೆ ಇದು ಗೊತ್ತಾದ ದಿನ ಕಷ್ಟ" ಎಂದರು. ಆಮೇಲೆ ಹನ್ನೊಂದರ ಸಾಕ್ಸ್. ಹೊರಮಗ್ಗುಲಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಮೈದಾನದ ಅಂಚಿಗೆ ಎಳೆದ ಸುಣ್ಣದ ಗೆರೆಯದು. ಅವನು ಅಂಚಿನಲ್ಲೇ ಓಡಿ ಚೆಂಡು ಒಳಗೆ ಕೊಡುವವನು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹತ್ತರ ಅಂಗಿಯ ಬೆನ್ನು ಉಪ್ಪುಗಟ್ಟಿ ಗರಿಗರಿಯಾಗಿತ್ತು, ಚಡ್ಡಿ ಮಾತ್ರ ಮಡಚಿಟ್ಟ ಹಾಗೇ ಇತ್ತು. ಓಡುತ್ತಾನೆ, ಪಾಸ್ ಕೊಡುತ್ತಾನೆ, ಗೋಲಿನ ಮುಂದಿನ ನೂಕಾಟಕ್ಕೆ ಮಾತ್ರ ಹೋಗುವುದಿಲ್ಲ. ಮೈಗೆ ಮಣ್ಣಾದರೆ ಅವನಿಗೆ ಬೇಜಾರು ಎಂದು ಅತ್ತೆ ನಕ್ಕರು.

ಒಗೆದ ಮೇಲೆ ಪಂದ್ಯ ಆಡಿದವರ ಅಂಗಿಯನ್ನು ಮುಂದಿನ ತಂತಿಗೆ ಹಾಕುತ್ತಾರೆ, ಬೆಂಚಿನಲ್ಲಿ ಕೂತವರದನ್ನು ಹಿಂದಿನ ತಂತಿಗೆ. ಹಿಂದಿನ ತಂತಿಯವು ಕೊಳೆಯೇ ಆಗಿರುವುದಿಲ್ಲ, ಆದರೂ ಒಗೆಯುತ್ತಾರೆ. ಆ ತಂತಿ ನೋಡಿದರೆ ಅವರಿಗೆ ತಳಮಳ. ಹನ್ನೊಂದು ಜನ ಕೊಳೆ ಮಾಡಿಕೊಂಡು ಬಂದರೆ ಅದು ಒಂದು ದಿನದ ಆಟಕ್ಕಾಯಿತು, ವರ್ಷ ಪೂರ್ತಿ ಆಡಬೇಕಾದರೆ ಹದಿನಾರು ಜನರ ಬಟ್ಟೆ ಕೊಳೆಯಾಗಿ ಬರಬೇಕು ಎನ್ನುವುದು ಅವರ ಲೆಕ್ಕ. ಇದನ್ನು ಹೊಸ ಕೋಚಿಗೂ ಹೇಳಿದ್ದರಂತೆ. ಅವರು ಆಗ ತಲೆಯಾಡಿಸಿ ಸುಮ್ಮನೆ ಹೋಗಿದ್ದರು.

ಇನ್ನೊಂದು ಪದ್ಧತಿ ಇದೆ, ನನ್ನ ಸಂಕಟ ಹುಟ್ಟಿದ್ದು ಅದರಿಂದಲೇ. ಮುನ್ನುಗ್ಗುವ ಆಟಗಾರನನ್ನು ಕಾಲಿನಿಂದ ತಡೆಯಲಾಗದಿದ್ದರೆ ಎದುರಿನವನು ಅಂಗಿ ಹಿಡಿದು ಜಗ್ಗುತ್ತಾನೆ. ಆಗ ಕಂಕುಳ ಹೊಲಿಗೆ ಬಿಡುತ್ತದೆ. ಅಭ್ಯಾಸದ ದಿನಗಳಲ್ಲೂ ಅಷ್ಟೇ, ಸ್ವಂತ ತಂಡದವರೇ ಜಗ್ಗುತ್ತಾರೆ. ಅದನ್ನು ಹೊಲಿದು ಮುಗಿಸುವಾಗ ಅತ್ತೆ ಒಳಮಗ್ಗುಲಿಗೆ ಕೆಂಪು ದಾರದ ಒಂದು ಗಂಟು ಹಾಕುತ್ತಾರೆ. ಒಂದು ಸಲ ಹರಿದರೆ ಒಂದು ಗಂಟು. ಯಾರ ಅಂಗಿಯಲ್ಲಿ ಗಂಟು ಹೆಚ್ಚೋ ಅವನನ್ನು ಕಂಡರೆ ಡಿಫೆಂಡರುಗಳಿಗೆ ಹೆದರಿಕೆ. ಎಲ್ಲೂ ಬರೆದಿಡದ ಈ ಲೆಕ್ಕ ಆ ಕೋಣೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ ಕೊನೆಯ ಪಂದ್ಯಕ್ಕೆ ಬಂದಾಗ ನಮ್ಮ ತಂಡದ ಪರಿಸ್ಥಿತಿ ಹೀಗಿತ್ತು: ಶನಿವಾರ ಗೆದ್ದರೆ ಮೇಲಿನ ದರ್ಜೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಕೆಳಗಿನ ದರ್ಜೆಗೆ ಹೋಗುತ್ತದೆ. ಅಂಥ ಹೊತ್ತಿನಲ್ಲೇ ಒಂಬತ್ತನೇ ನಂಬರಿನವನು ರೆಫರಿಯ ಜೊತೆ ಜಗಳವಾಡಿ ಕೆಂಪು ಕಾರ್ಡ್ ತೆಗೆದುಕೊಂಡು ಕೊನೆಯ ಪಂದ್ಯಕ್ಕೆ ಇಲ್ಲದವನಾದ. ಅವನ ಜಾಗಕ್ಕೆ ಇದ್ದವರು ಇಬ್ಬರು. ಹದಿನೇಳನೇ ನಂಬರಿನವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮೂವತ್ಮೂರು ವರ್ಷ. ಇಪ್ಪತ್ಮೂರನೆಯವನು ಮನೆಮನೆಗೆ ಪಾರ್ಸೆಲ್ ತಲುಪಿಸುವವನು, ಇವನಿಗಿಂತ ಆರೇಳು ವರ್ಷ ಚಿಕ್ಕವನು. ಇಬ್ಬರೂ ವರ್ಷವಿಡೀ ಬೆಂಚು ಬಿಸಿ ಮಾಡಿದವರೇ.

ಮಂಗಳವಾರ ಸಂಜೆ ಕೋಚ್ ತಲೆ ಬಗ್ಗಿಸಿಕೊಂಡು ಅತ್ತೆಯ ಕೋಣೆಗೆ ಬಂದರು. ಲ್ಯಾಪ್‌ಟಾಪ್ ಕಂಕುಳಲ್ಲಿತ್ತು. ನಾನು ಮಗುವನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತಿದ್ದೆ.

"ಅಮ್ಮ, ಒಂಬತ್ತು ಇಲ್ಲ. ಮುಂದೆ ಯಾರನ್ನ ಹಾಕ್ಲಿ?"

"ನಾನು ಆಟ ನೋಡೋಳಲ್ಲ ಸರ್, ಬಟ್ಟೆ ನೋಡೋಳು."

"ಅದಕ್ಕೇ ಬಂದೆ. ಆಡಿದವರದ್ದೆಲ್ಲ ಇದರಲ್ಲಿದೆ. ಆಡದೆ ಕೂತೋರದ್ದು ಏನೂ ಇಲ್ಲ."

ಅತ್ತೆ ಕೈ ಒರೆಸಿಕೊಂಡರು. ಮೊದಲು ಇರುವವರ ಮಾತು ಮುಗಿಸೋಣ ಎಂದು ಶುರುಮಾಡಿ, ಹನ್ನೊಂದರ ಸಾಕ್ಸಿನಲ್ಲಿ ಒಂದು ತಿಂಗಳಿಂದ ಸುಣ್ಣ ಕಾಣುತ್ತಿಲ್ಲ, ಅಂಚು ಬಿಟ್ಟು ಒಳಗೆ ನುಗ್ಗುತ್ತಿದ್ದಾನೆ, ಅಲ್ಲಿ ಹತ್ತಕ್ಕೂ ಅವನಿಗೂ ಡಿಕ್ಕಿ ಎಂದರು. ಕೋಚ್ ಕಣ್ಣರಳಿಸಿದರು. ಅದು ತಮ್ಮ ಲ್ಯಾಪ್‌ಟಾಪಿಗೆ ಹೋದ ವಾರವಷ್ಟೇ ತಿಳಿದದ್ದು ಎಂದರು.

"ಅದಕ್ಕೆ ಸ್ವಲ್ಪ ನಿಧಾನ ಅನ್ಸತ್ತೆ ಪಾಪ" ಎಂದರು ಅತ್ತೆ.

ಆಮೇಲೆ ಹದಿನೇಳರ ಮತ್ತು ಇಪ್ಪತ್ಮೂರರ ಚೀಲಗಳಿಂದ ಅಭ್ಯಾಸದ ಅಂಗಿಗಳನ್ನು ತೆಗೆದು ಮೇಜಿನ ಮೇಲೆ ತಿರುವಿ ಹಾಕಿ, ಬೆರಳಿನಿಂದ ಗಂಟು ಎಣಿಸಿದರು. ಹದಿನೇಳರದ್ದರಲ್ಲಿ ಒಂಬತ್ತು, ಇಪ್ಪತ್ಮೂರರದ್ದರಲ್ಲಿ ಎರಡು. ಅತ್ತೆಯ ಹುಬ್ಬು ಗಂಟಿಕ್ಕಿತು. ಮತ್ತೆ ಎಣಿಸಿದರು. ಅಷ್ಟೇ ಇತ್ತು.

"ನನ್ನ ಕೈಗೆ ಇಪ್ಪತ್ಮೂರರದ್ದೇ ಜಾಸ್ತಿ ಹೊಲ್ದಿದ್ದೆ ಅನ್ನೋ ನೆನಪು. ಆದ್ರೆ ನೆನಪಿಗಿಂತ ಗಂಟು ದೊಡ್ಡದು. ಹದಿನೇಳು ಹಾಕಿ. ಇಪ್ಪತ್ಮೂರು ಬೆಂಚಿಗೂ ಬೇಡ, ಆ ಜಾಗದಲ್ಲಿ ಬೇರೆ ಯಾರಾದ್ರೂ ಕೂರ್ಲಿ."

ಕೋಚ್ ಬರೆದುಕೊಂಡರು. ಗ್ಯಾಲರಿಯ ಕೆಳಗೆ ಬಟ್ಟೆ ಒಗೆಯುವ ಹೆಂಗಸಿನ ಮುಂದೆ ಕೋಚಿನಂಥವರು ಹಾಗೆ ಪೆನ್ನು ಹಿಡಿದು ನಿಂತದ್ದನ್ನು ನೋಡಿ ನನ್ನ ಎದೆ ಉಬ್ಬಿತು. ಅದೇ ಕ್ಷಣ ಅತ್ತೆಯ ಆ ಹುಬ್ಬು ಕಣ್ಣಿಗೆ ಬಿದ್ದು, ಉಬ್ಬಿದ ಎದೆ ಧಸಕ್ಕೆಂದಿತು.

ಮೂರು ವಾರದ ಹಿಂದೆ ಅತ್ತೆ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಹೆರಿಗೆ ರಜೆಯಲ್ಲಿದ್ದ ನಾನು ಕೈನೆರವಿಗೆ ಹೋದೆ. ಮೊದಲ ದಿನವೇ, ಒಣಗಿದ ಬಟ್ಟೆಯನ್ನು ಚೀಲಗಳಿಗೆ ಹಾಕುವಾಗ, ಟವೆಲ್ ಹಾಸಿದ ಬುಟ್ಟಿಯಲ್ಲಿ ಮಲಗಿಸಿದ್ದ ಮಗು ಉಸಿರು ಕಟ್ಟುವ ಹಾಗೆ ಅತ್ತಿತು. ಅಭ್ಯಾಸದ ಅಂಗಿಗೆ ನಂಬರಿಲ್ಲ, ಎಲ್ಲ ಒಂದೇ ಬೂದು ಬಣ್ಣ. ನಂಬರಿರುವುದು ಚೀಲಕ್ಕೆ. ಆಗ ನನ್ನ ಮುಂದೆ ಬಾಯಿ ತೆರೆದ ಎರಡು ಚೀಲ, ಒಂದೇ ಅಳತೆಯ ಎರಡು ಅಂಗಿ. ಮಗುವಿನ ಕಡೆ ಓಡುವ ಅವಸರದಲ್ಲಿ ಒಂದೊಂದನ್ನು ಒಂದೊಂದಕ್ಕೆ ತುರುಕಿದೆ. ಯಾವುದು ಯಾವುದಕ್ಕೆ ಹೋಯಿತು ಎಂದು ನೋಡಲಿಲ್ಲ. ಚೀಲಗಳು ಹದಿನೇಳು ಮತ್ತು ಇಪ್ಪತ್ಮೂರು.

ಬುಧವಾರ ಹೇಳಿಬಿಡಬೇಕೆಂದೇ ಹೋದೆ. ನಾನು ಬಾಯಿ ತೆರೆಯುವ ಮೊದಲು ಮೆಕ್ಯಾನಿಕ್ ಬಂದ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು. ಪಂದ್ಯದ ಅಂಗಿಯ ನಂಬರಿನಲ್ಲಿ ಏಳರ ಅಂಟು ಬಿಟ್ಟಿದೆ, ಸ್ವಲ್ಪ ಇಸ್ತ್ರಿ ಒತ್ತಿ ಕೊಡಿ, ಮಗಳು ನೋಡಲು ಬರುತ್ತಾಳೆ ಎಂದ. ಆರು ವರ್ಷದಲ್ಲಿ ಅವನು ಮೊದಲ ನಿಮಿಷದಿಂದ ಆಡಲಿರುವುದು ಇದೇ ಮೊದಲು. ನಾನು ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟೆ. ಅವನು ಹೋದ ಮೇಲೆ ಪಾರ್ಸೆಲಿನವನು ಬಂದು, ಶನಿವಾರ ತನಗೆ ಕೆಲಸವಿಲ್ಲವಂತಲ್ಲ ಎಂದು ನಗಲು ನೋಡಿ, ತನ್ನ ಚೀಲ ಇಲ್ಲೇ ಇರಲಿ ಬಟ್ಟೆಯಮ್ಮ, ಆಮೇಲೆ ಒಯ್ಯುತ್ತೇನೆ ಎಂದು ಹೋದ. ಆ ನಗು ಮುಖದ ಅರ್ಧಕ್ಕೂ ಬರಲಿಲ್ಲ. ಒಬ್ಬನ ಕೈಗೆ ಬಂದದ್ದನ್ನು ಕಿತ್ತುಕೊಳ್ಳಲೋ, ಇನ್ನೊಬ್ಬನಿಗೆ ಸಿಗಬೇಕಾದದ್ದು ತಪ್ಪಲಿ ಎಂದು ಬಿಡಲೋ? ಅದೂ ಖಾತ್ರಿಯಿಲ್ಲದ ಒಂದು ಅನುಮಾನಕ್ಕೆ?

ಗುರುವಾರ, ಶುಕ್ರವಾರ ಹೀಗೇ ಕಳೆದವು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯ ಬಾಗಿಲಲ್ಲಿ ಒಂದೇ ಮಾತು. ಬಟ್ಟೆಯಮ್ಮ ಆರಿಸಿದ ತಂಡವಂತೆ ಎಂದು ಅರ್ಧ ಜನ ಮೆಚ್ಚಿಕೊಂಡರು, ಇನ್ನರ್ಧ ಜನ ಇನ್ನು ಮುಂದೆ ಕೋಚ್ ಬಟ್ಟೆ ಒಗೆಯಲಿ ಎಂದು ಆಡಿಕೊಂಡರು. ಸೋತರೆ ಆ ಮೊದಲರ್ಧವೂ ಎರಡನೆಯದಕ್ಕೆ ಸೇರಿಕೊಳ್ಳುತ್ತದೆ. ಎರಡು ದಶಕ ಒಂದು ಅಂಗಿಯೂ ಕಳೆಯದ, ಒಬ್ಬರ ಗುಟ್ಟೂ ಆಡದ ಹೆಂಗಸಿನ ಮಾತು ನನ್ನ ಒಂದು ನಿಮಿಷದ ಗಡಿಬಿಡಿಗೆ ಹಾಳಾಗುತ್ತದೆ. ಗಂಡನಿಗೆ ಹೇಳಿದೆ. ಬಾಯಿ ಮುಚ್ಚಿಕೊಂಡಿರು, ಗೆದ್ದರೆ ಯಾರೂ ಕೇಳುವುದಿಲ್ಲ ಎಂದ. ಹಾಗೆ ಬಾಯಿ ಮುಚ್ಚಿಕೊಂಡಿರುವುದು ನನಗೆ ಬರುವುದಿಲ್ಲ ಎಂಬುದು ಅವನಿಗೂ ಗೊತ್ತು.

ಆ ಪಂದ್ಯ ಏನಾಯಿತು ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಅದಕ್ಕೆ ಎರಡು ಗಂಟೆ ಮೊದಲಿನ ಮಾತು. ಶನಿವಾರ ಮಧ್ಯಾಹ್ನ ಎರಡಕ್ಕೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆಗೆ ಫೋನ್ ಮಾಡಿದೆ.

"ಏನಮ್ಮ, ಮಗು ಹುಷಾರಾಗಿದೆ ತಾನೇ?"

ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಆ ಕಡೆ ಮೆಷಿನ್ ತಿರುಗುತ್ತಿತ್ತು. "ಯಾವತ್ತು ಇದು? ನಾನು ಬಿದ್ದ ಮಾರನೇ ದಿನಾನಾ?" ಎಂದರು.

"ಹೂಂ ಅತ್ತೆ. ಮೊದಲನೇ ದಿನಾನೇ."

"ಅದಲುಬದಲಾಗಿರೋದು ಖಂಡಿತಾನಾ?"

"ಇಲ್ಲ. ಆಗಿರಬಹುದು. ಆಗದೇನೂ ಇರಬಹುದು. ನನಗದೇ ಗೊತ್ತಿಲ್ಲ."

"ಇರು."

ಅವರ ಚಪ್ಪಲಿಯ ಸದ್ದು, ಚೀಲದ ಪಿನ್ನು ಬಿಚ್ಚಿದ ಸದ್ದು. ಆಮೇಲೆ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವುದು ಕೇಳಿಸಿತು. ಇದು ಬಿಗಿ, ಇದೂ ಬಿಗಿ, ಇದು ಸಡಿಲ. ಬಿದ್ದ ಮೇಲೆ ಮಣಿಕಟ್ಟಿನಲ್ಲಿ ಬಲವಿಲ್ಲದೆ ಅವರು ಹಾಕಿದ ಗಂಟೆಲ್ಲ ಸಡಿಲ. ಅದಕ್ಕೆ ಮೊದಲಿನವು ಉಗುರಿಗೂ ಸಿಗದಷ್ಟು ಬಿಗಿ. ಒಂಬತ್ತರಲ್ಲಿ ಐದು ಬಿಗಿ, ನಾಲ್ಕು ಸಡಿಲ. ಇನ್ನೊಂದು ಅಂಗಿಯ ಎರಡೂ ಬಿಗಿ.

"ನೋಡು" ಎಂದರು. "ಸಡಿಲದ ನಾಲ್ಕು ಹದಿನೇಳರದ್ದೇ. ನೀನು ಹಾಕಿದ ಮೇಲೆ ಈ ಅಂಗಿ ಅವನ ಮೈಮೇಲೇ ಇದೆ. ಮೂರು ವಾರಕ್ಕೆ ನಾಲ್ಕು. ಅವನು ಇವತ್ತು ಆಡ್ಬೇಕಾದವನೇ. ಬಿಗಿ ಐದು ಯಾರದ್ದು ಅನ್ನೋದು ಮಾತ್ರ ಇನ್ನು ದೇವ್ರಿಗೇ ಗೊತ್ತು. ಅದು ಇಪ್ಪತ್ಮೂರರದ್ದಾಗಿದ್ರೆ, ನಾನು ಒಬ್ಬ ಒಳ್ಳೇ ಆಟಗಾರನ್ನ ಮನೇಲಿ ಕೂರಿಸ್ದೆ."

"ಆದರೆ ಈ ಮೂರು ವಾರ ಅವನದು ಒಂದೂ ಹರಿದಿಲ್ಲವಲ್ಲ ಅತ್ತೆ?"

"ಎರಡು ವಾರ ಡಬಲ್ ಡ್ಯೂಟಿ ಮಾಡಿದಾನೆ ಕಣೇ. ಅಭ್ಯಾಸಕ್ಕೇ ಬಂದಿಲ್ಲ. ಬರದೇ ಇದ್ದವನ ಅಂಗಿ ಯಾರು ಜಗ್ತಾರೆ?" ಚೀಲದ ಪಿನ್ನು ಹಾಕುತ್ತಾ, "ನಾಲ್ಕು ದಿನದಿಂದ ಇದನ್ನ ಹೊಟ್ಟೇಲಿಟ್ಕೊಂಡಿದ್ಯಾ, ಹುಚ್ಚಿ" ಎಂದರು. ಬೈದದ್ದು ಅಷ್ಟೇ.

ಅತ್ತೆಗೆ ಫೋನ್ ಕಟ್ ಮಾಡುವ ಅಭ್ಯಾಸವಿಲ್ಲ, ಮಾತು ಮುಗಿದರೆ ಹಾಗೇ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಬಟ್ಟೆಯ ಉಜ್ಜಾಟದ ನಡುವೆ ಅವರು ಓಣಿ ದಾಟಿ, ಕೋಚಿನ ಕೋಣೆಯ ಬಾಗಿಲು ತಟ್ಟಿದ್ದು ಕೇಳಿಸಿತು. ಒಳಗೆ ಏಳೆಂಟು ಜನರ ಗದ್ದಲ. ಅದು ಒಮ್ಮೆಲೇ ನಿಂತಿತು.

"ಸರ್, ಮಂಗಳವಾರ ನಾನು ಹೇಳಿದ್ರಲ್ಲಿ ಅರ್ಧ ತಪ್ಪು. ಹದಿನೇಳು ಸರಿ. ಇಪ್ಪತ್ಮೂರು ಬೇಡ ಅಂದಿದ್ದು ತಪ್ಪಿರಬಹುದು. ಅಂಗಿ ಅದಲುಬದಲಾಗಿರಬಹುದು."

ಹೇಗಾಯಿತು, ಯಾರಿಂದಾಯಿತು ಎಂದು ಕೋಚ್ ಕೇಳಿದರು.

"ನನ್ನ ಕೋಣೇಲಾಯ್ತು. ನನ್ನಿಂದಾಯ್ತು ಅಂತ ಬರ್ಕೊಳ್ಳಿ."

ಯಾರೋ ಒಬ್ಬರು, ಈಗ ಗೊತ್ತಾಯಿತಲ್ಲ ತಂಡ ಆರಿಸುವುದು ಬಟ್ಟೆ ಒಗೆದ ಹಾಗಲ್ಲ ಎಂದು ನಕ್ಕರು.

"ಒಗೆಯೋದ್ರಲ್ಲಿ ಕಲೆ ಉಳಿದ್ರೆ ಮತ್ತೆ ನೆನೆ ಹಾಕ್ತೀವಿ ಸ್ವಾಮಿ, ಮಡಚಿ ಒಳಗಿಡಲ್ಲ" ಎಂದರು ಅತ್ತೆ. ದನಿ ಏರಿಸಲಿಲ್ಲ. "ಹೆಸರು ಕೊಡೋಕೆ ಇನ್ನೂ ಒಂದು ಗಂಟೆ ಇದೆ ಅಲ್ವಾ ಸರ್? ಹದಿನೇಳಕ್ಕೆ ಮೂವತ್ಮೂರು ವರ್ಷ. ಒಂದು ಗಂಟೆ ಓಡ್ತಾನೆ, ಆಮೇಲೆ ಮೊಣಕಾಲು ಹಿಡ್ಕೋತಾನೆ. ಆಗ ಬೆಂಚಿನ ಕಡೆ ತಿರುಗಿದ್ರೆ ಅಲ್ಲಿ ಒಬ್ಬನಿರ್ಬೇಕು. ಮೊನ್ನೆ ನಾನು ನಿಮಗೆ ಒಬ್ಬನ್ನ ಕೊಟ್ಟೆ. ಇವತ್ತು ಇಬ್ಬರನ್ನ ಕೊಡ್ತಿದೀನಿ."

ಕೋಚ್ ಯಾರಿಗೋ, ಆ ಪಾರ್ಸೆಲಿನವನಿಗೆ ಫೋನ್ ಹಚ್ಚು, ಬೂಟು ತೆಗೆದುಕೊಂಡು ಹೊರಡಲು ಹೇಳು ಎಂದರು. ಅತ್ತೆಗೆ ಅವರು ಏನೋ ಮೆಲ್ಲಗೆ ಹೇಳಿದರು, ನನಗೆ ಕೇಳಿಸಲಿಲ್ಲ. ಅತ್ತೆ, ಅದೆಲ್ಲ ಇರಲಿ ಬಿಡಿ ಸರ್ ಎಂದದ್ದು ಮಾತ್ರ ಕೇಳಿಸಿತು.

ಮತ್ತೆ ಓಣಿ, ಮತ್ತೆ ಮೆಷಿನ್ ಸದ್ದು. ಜೇಬಿನಿಂದ ಫೋನ್ ಹೊರಬಂತು.

"ಇನ್ನೂ ಇದೀಯಾ?"

"ಇದೀನಿ ಅತ್ತೆ. ನಂದು ಅಂತ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ಯಲ್ಲ, ನನ್ಹತ್ರ. ಅಷ್ಟು ಸಾಕು. ಇಪ್ಪತ್ಮೂರರ ಅಂಗಿಗೆ ಇಸ್ತ್ರಿ ಆಗಿಲ್ಲ, ಇಡ್ತೀನಮ್ಮ."

ಇಟ್ಟದ್ದು ಮೇಜಿನ ಮೇಲೆ, ಕಟ್ ಮಾಡದೆ. ತೇವದ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಚುಯ್ಯೆಂದು ಹರಿದಾಡುವುದು ಕೇಳಿಸುತ್ತಿತ್ತು. ಮಗು ಫೋನಿಗೆ ಕೈ ಚಾಚಿತು. ಅದರ ಕಿವಿಗೂ ಸ್ವಲ್ಪ ಹೊತ್ತು ಹಿಡಿದೆ. ನಾನೂ ಕಟ್ ಮಾಡಲಿಲ್ಲ.